ಕ್ರಾಕೋವ್ ಚೌಕದ ಕಂಚಿನ ತಲೆ: ಹೊಸ ಮೂರ್ತಿಯನ್ನು ಒಡೆದಂತೆಯೇ ಮಾಡಿದ್ದೇಕೆ?

ಪ್ರಶ್ನೆ

ಕಚೇರಿಯ ಕೆಲಸದ ಮೇಲೆ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹೋಗಿದ್ದಾಗ, ಅಲ್ಲಿನ ಮುಖ್ಯ ಮಾರುಕಟ್ಟೆ ಚೌಕದಲ್ಲಿ, ಹಳೆಯ ಪುರಭವನದ ಗೋಪುರದ ಬಳಿ ಮಗ್ಗುಲಾಗಿ ಮಲಗಿರುವ ಭಾರಿ ಗಾತ್ರದ ಕಂಚಿನ ತಲೆಯೊಂದನ್ನು ಕಂಡೆ. ಮುಖ ಗ್ರೀಕ್ ದೇವತೆಯದರಂತಿದೆ, ಅದರ ಸುತ್ತ ಗಾಯಕ್ಕೆ ಸುತ್ತುವಂತಹ ಪಟ್ಟಿಗಳಿವೆ, ಒಳಗೆಲ್ಲ ಟೊಳ್ಳು. ಅಗೆಯುವಾಗ ಸಿಕ್ಕಿದ ಪುರಾತನ ಶಿಲ್ಪವಿರಬೇಕೆಂದುಕೊಂಡಿದ್ದವನಿಗೆ, ಅದು 1999ರ ಕೃತಿಯೆಂದು ಆಮೇಲೆ ತಿಳಿಯಿತು. ಭಿನ್ನವಾದ ವಿಗ್ರಹವನ್ನು ಪೂಜೆಯಿಂದ ತೆಗೆದಿಡುವುದನ್ನು ನೋಡಿ ಬೆಳೆದ ನನಗೆ, ಹೊಸ ಮೂರ್ತಿಯನ್ನು ಭಿನ್ನವಾಗಿಯೇ ಎರಕ ಹೊಯ್ದು ಊರ ನಡುವೆ ಇರಿಸಿದ್ದು ಅರ್ಥವಾಗಲಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ 1

ನೀವು ನೋಡಿದ್ದು ಪೋಲೆಂಡಿನ ಶಿಲ್ಪಿ ಇಗೊರ್ ಮಿತೊರಾಯ್ ಅವರ ‘ಎರೋಸ್ ಬೆಂಡಾಟೊ’, ಅಂದರೆ ಪಟ್ಟಿ ಕಟ್ಟಿದ ಎರೋಸ್ (ಗ್ರೀಕರ ಪ್ರೇಮದೇವತೆ). ಊರಿನವರು ಅದನ್ನು ‘ಗ್ಲೋವಾ’, ಅಂದರೆ ‘ತಲೆ’, ಎಂದಷ್ಟೇ ಕರೆಯುತ್ತಾರೆ. ಮಿತೊರಾಯ್ (1944–2014) ಕ್ರಾಕೋವ್‌ನ ಕಲಾ ಅಕಾಡೆಮಿಯಲ್ಲಿ ಚಿತ್ರಕಾರ, ರಂಗ ನಿರ್ದೇಶಕ ತದೇಉಷ್ ಕಾಂತೊರ್ ಅವರ ಶಿಷ್ಯರಾಗಿದ್ದು, 1968ರಲ್ಲಿ ಪ್ಯಾರಿಸ್‌ಗೆ ಹೋದರು. ಮುಂದೆ ಅಮೃತಶಿಲೆಯ ಕೆಲಸಕ್ಕೂ ಕಂಚಿನ ಎರಕಕ್ಕೂ ಹೆಸರಾದ ಇಟಲಿಯ ಪಿಯೆತ್ರಸಾಂತಾದಲ್ಲಿ 1983ರಲ್ಲಿ ಕಾರ್ಯಾಗಾರ ತೆರೆದರು.

ಗ್ರೀಸ್ ಮತ್ತು ರೋಮಿನ ಶಿಲ್ಪಗಳಲ್ಲಿ ಬಹುಪಾಲು ನಮ್ಮ ಕಾಲಕ್ಕೆ ತಲುಪಿರುವುದು ಕೈಯಿಲ್ಲದೆ, ಮೂಗಿಲ್ಲದೆ, ರುಂಡ ಒಂದೆಡೆ ಮುಂಡ ಇನ್ನೊಂದೆಡೆಯಾಗಿ. ಆದ್ದರಿಂದ ಆ ಪ್ರಾಚೀನತೆಯನ್ನು ನೆನೆಯುವ ಶಿಲ್ಪಿ ಅದನ್ನು ಇಡಿಯಾಗಿ ಮತ್ತೆ ಕಡೆದರೆ ಅದು ನಕಲಾಗುತ್ತದೆಯೇ ಹೊರತು ನೆನಪಾಗುವುದಿಲ್ಲ ಎಂಬುದು ಈ ಕೃತಿಯನ್ನು ನಾನು ಓದಿಕೊಂಡಿರುವ ಬಗೆ. ಇನ್ನೊಂದು ಮಾತು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಪ್ರೇಮದೇವತೆ ಪ್ರಾಚೀನ ಗ್ರೀಕರ ಕಲ್ಪನೆಯಲ್ಲ, ಅದು ಯುರೋಪಿನ ಮಧ್ಯಯುಗದ ಸೇರ್ಪಡೆ. ಹಾಗಾಗಿ ಈ ತಲೆಯಲ್ಲಿ ಒಂದಲ್ಲ, ಎರಡು ಹಳೆಯ ಕಾಲಗಳು ಬೆರೆತಿವೆ. (ಸುಟ್ಟು ಅನಂಗನಾದ ನಮ್ಮ ಮನ್ಮಥನಿಗೆ ದೇಹವೇ ಇಲ್ಲ, ಇವನಿಗೆ ತಲೆಯಾದರೂ ಉಳಿದಿದೆ!)

ಉತ್ತರ 2

ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ನನಗೆ ಅಷ್ಟು ಗೌರವ ಹುಟ್ಟುವುದಿಲ್ಲ. ಇದೇ ಎರೋಸ್‌ನ ಇನ್ನೊಂದು ಎರಕ ಅಮೆರಿಕದ ಸೇಂಟ್ ಲೂಯಿಸ್‌ನ ಸಿಟಿಗಾರ್ಡನ್‌ನಲ್ಲೂ ಇದೆ. ಯಾವ ಊರಿಗಾದರೂ ಹೊಂದುವ ಭಗ್ನಾವಶೇಷ ಯಾವ ಊರಿನ ಭಗ್ನಾವಶೇಷ? ಮಿತೊರಾಯ್ ಅವರ ಕಂಚುಗಳನ್ನು 2011ರಲ್ಲಿ ಇಟಲಿಯ ಅಗ್ರಿಜೆಂತೊದ ಪಾಳುಬಿದ್ದ ಗ್ರೀಕ್ ದೇಗುಲಗಳ ನಡುವೆಯೂ, ಅವರು ತೀರಿಕೊಂಡ ಮೇಲೆ 2016ರಲ್ಲಿ ಜ್ವಾಲಾಮುಖಿಯಿಂದ ನಾಶವಾದ ಪ್ರಾಚೀನ ನಗರ ಪಾಂಪೆಯಲ್ಲೂ ಇರಿಸಿದ್ದರು. ಅಲ್ಲಿ ಒಡಕಿಗೆ ಒಡಕು ಜೊತೆಯಾಗಿತ್ತು. 13ನೆಯ ಶತಮಾನದಲ್ಲಿ ರೂಪುಗೊಂಡ ವ್ಯಾಪಾರದ ಚೌಕದಲ್ಲಿ ಗ್ರೀಕ್ ತಲೆಗೆ ಏನು ಕೆಲಸ? ಅದು ಅಲ್ಲಿರಬೇಕೇ ಎಂಬ ಬಗ್ಗೆ ಆ ನಗರದಲ್ಲೇ ವಾದಗಳು ನಡೆದಿದ್ದವು.

ಉತ್ತರ 3

ಆ ಚೌಕಕ್ಕೂ ಒಡಕಿಗೂ ಸಂಬಂಧವಿಲ್ಲವೆನ್ನುವುದು ಸರಿಯಲ್ಲ. ತಲೆಯ ಪಕ್ಕದ ಗೋಪುರವೇ ಒಂದು ತುಂಡು; ಅದಕ್ಕೆ ಅಂಟಿಕೊಂಡಿದ್ದ ಪುರಭವನವನ್ನು 1820ರಲ್ಲಿ ಕೆಡವಿದ ಮೇಲೆ ಗೋಪುರವೊಂದೇ ಉಳಿಯಿತು. ಬಟ್ಟೆ ಮಾರುಕಟ್ಟೆಯ ಕಟ್ಟಡದ ಇನ್ನೊಂದು ಬದಿಯಲ್ಲಿ ಎತ್ತರದ ಪೀಠದ ಮೇಲೆ ನಿಂತಿರುವ ಕವಿ ಆದಮ್ ಮಿತ್ಸ್ಕೆವಿಚ್ ಅವರ ಪ್ರತಿಮೆಯನ್ನು ನೀವು ನೋಡಿರಬಹುದು. 1898ರಲ್ಲಿ ಅನಾವರಣಗೊಂಡ ಆ ಸ್ಮಾರಕವನ್ನು ನಾಜಿಗಳು 1940ರಲ್ಲಿ ಉರುಳಿಸಿದರು. ಯುದ್ಧ ಮುಗಿದ ಮೇಲೆ ಅದರ ಕಂಚಿನ ಮೂರ್ತಿಗಳಲ್ಲಿ ಹೆಚ್ಚಿನವು ಹ್ಯಾಂಬರ್ಗ್‌ನ ಗುಜರಿಯಲ್ಲಿ ಪತ್ತೆಯಾಗಿ, 1955ರಲ್ಲಿ ಅದು ಮತ್ತೆ ಎದ್ದು ನಿಂತಿತು. ಅಲ್ಲಿಗೆ, ಇಡಿಯಾಗಿ ಕಾಣುವ ಪ್ರತಿಮೆ ನಿಜವಾಗಿ ಉರುಳಿಬಿದ್ದಿದ್ದದ್ದು, ಮುರಿದಂತೆ ಕಾಣುವುದಕ್ಕೆ ಒಂದು ಪೆಟ್ಟೂ ಬಿದ್ದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಿತ್ಸ್ಕೆವಿಚ್ ಪ್ರತಿಮೆಯ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಬ್ರೆಡ್ ತಿಂದಿದ್ದೆ, ಅದರ ಕಥೆ ಗೊತ್ತಿರಲಿಲ್ಲ. ತಲೆಯ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ ಚಿತ್ರ: ಕತ್ತಿನ ಕಡೆಯಿಂದ ಒಳಹೊಕ್ಕ ಹುಡುಗಿಯೊಬ್ಬಳು ಎರೋಸ್‌ನ ಕಣ್ಣಿನ ತೂತಿನಿಂದ ಮುಖ ಹೊರಹಾಕಿ ಅಮ್ಮನನ್ನು ಕೂಗುತ್ತಿದ್ದಳು, ಟೊಳ್ಳು ಕಂಚಿನೊಳಗಿಂದ ಆ ಕೂಗು ದಪ್ಪವಾಗಿ ಕೇಳಿಸುತ್ತಿತ್ತು. ಪೀಠದ ಮೇಲಿನ ಕವಿಯ ಹತ್ತಿರ ಯಾರೂ ಹಾಗೆ ಹೋಗಲಾರರು. ಎರಡನೆಯ ಉತ್ತರ ಬರೆದವರ ಆಕ್ಷೇಪವನ್ನು ನಾನು ಇನ್ನೂ ತಳ್ಳಿಹಾಕಿಲ್ಲ. ಆದರೆ ಆ ಹುಡುಗಿಯ ಮಟ್ಟಿಗೆ ಅದು ಕ್ರಾಕೋವ್‌ನ ತಲೆಯೇ.