ಎಚ್. ಪೈಲೋರಿ ಇದ್ದರೆ ಕರುಳಿನ ಕ್ಯಾನ್ಸರೂ ಬರುತ್ತದಾ?

ಮಾನ್ವಿ ಮಲ್ಲು: ಅಪ್ಪನಿಗೆ ರಾಯಚೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಹೊಟ್ಟೆಯಲ್ಲಿ ಹುಣ್ಣು, ಜೊತೆಗೆ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. 14 ದಿನದ ಮಾತ್ರೆ ಕೊಟ್ಟರು. ಬಾಯೆಲ್ಲ ಕಹಿ ಅಂತ ಆರನೇ ದಿನಕ್ಕೇ ಬಿಟ್ಟಿದ್ದಾರೆ. ಇದರಿಂದ ದೊಡ್ಡ ಕರುಳಿನ ಕ್ಯಾನ್ಸರೂ ಬರಬಹುದು ಅಂತ ಓದಿದ ಮೇಲೆ ನನಗೆ ನಿದ್ದೆ ಇಲ್ಲ.

ಸಿರುಗುಪ್ಪ ಶರಣಪ್ಪ: ಬೆಳಗಾದರೆ ಒಗ್ಗರಣೆ ಜೊತೆ ಮಿರ್ಚಿ ತಿನ್ನೋ ಸೀಮೆ ನಮ್ಮದು. ಖಾರ ಬಿಡಿಸಿ, ಮಜ್ಜಿಗೆ ಕುಡಿಸಿ. ಹುಣ್ಣು ತಾನೇ ಮಾಯುತ್ತದೆ.

ಗಂಗಾವತಿ ಲ್ಯಾಬ್ ಅಕ್ಕ: ಶರಣಪ್ಪಣ್ಣ, ಖಾರದಿಂದ ಉರಿ ಜಾಸ್ತಿ ಆಗಬಹುದು. ಹುಣ್ಣು ಮಾಡೋದು ಹೆಚ್ಚಾಗಿ ಈ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ. ಮೊದಲು ಡಾಕ್ಟರುಗಳೂ ಖಾರ, ಟೆನ್ಷನ್ ಅಂತಲೇ ಹೇಳುತ್ತಿದ್ದರು. 1984ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ, ಜಠರದ ಒಳಗೆ ಉರಿಯೂತ. 2005ರಲ್ಲಿ ಅವರಿಗೂ ಜೊತೆಗೆ ಸಂಶೋಧನೆ ಮಾಡಿದ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಜಠರದ ಕ್ಯಾನ್ಸರಿಗೆ ಇದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಕರುಳಿನ ಮಾತು ಅಷ್ಟು ಗಟ್ಟಿಯಾಗಿಲ್ಲ.

ಕೊಪ್ಪಳದ ಹುಡುಗ: ಈ ಸೋಂಕಿದ್ದರೆ ಕರುಳಿನ ಕ್ಯಾನ್ಸರ್ ಶೇ 18 ಜಾಸ್ತಿ ಅಂತಾರಲ್ಲ ಅಕ್ಕಾ, ನೂರರಲ್ಲಿ 18 ಜನಕ್ಕೆ ಬರುತ್ತಾ?

ಗಂಗಾವತಿ ಲ್ಯಾಬ್ ಅಕ್ಕ: ಇಲ್ಲ ತಮ್ಮಾ. ಅದು 2024ರಲ್ಲಿ ಬಂದ ಅಮೆರಿಕದ ಲೆಕ್ಕ. ಎಂಟು ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ದಾಖಲೆ ನೋಡಿದ್ದಾರೆ. ಸುಮ್ನೆ ಲೆಕ್ಕಕ್ಕೆ, ಸೋಂಕಿಲ್ಲದ ಸಾವಿರ ಜನರಲ್ಲಿ 10 ಮಂದಿಗೆ ಬಂದರೆ, ಸೋಂಕಿರೋ ಸಾವಿರದಲ್ಲಿ ಸುಮಾರು 12 ಮಂದಿಗೆ. ಆದರೆ ಸೋಂಕಿದ್ದೂ ಔಷಧಿ ತಗೊಳ್ಳದವರಲ್ಲಿ, ತಗೊಂಡವರಿಗಿಂತ ಶೇ 23 ಜಾಸ್ತಿ ಇತ್ತು. ನನಗೆ ಮುಖ್ಯ ಅನ್ನಿಸಿದ್ದು ಇದು.

ಬಳ್ಳಾರಿ ಮೇಷ್ಟ್ರು: ಎರಡೂ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ. ಅಲ್ಲಿದ್ದವರು ಬಹುಪಾಲು ಗಂಡಸರು. ಸಿಗರೇಟು, ಕುಡಿತ, ಬಡತನ ಎಲ್ಲ ಸೇರಿಕೊಂಡಿರುತ್ತದೆ.

ಗಂಗಾವತಿ ಲ್ಯಾಬ್ ಅಕ್ಕ: ಒಪ್ಪಿದೆ ಸರ್. ಕರುಳಿನಲ್ಲಿ ಗಡ್ಡೆ ಬೆಳೆಯೋ ತಳಿಯ ಇಲಿಗಳಿಗೆ ಸೋಂಕು ತಗುಲಿಸಿದಾಗ ಗಡ್ಡೆ ಜಾಸ್ತಿ ಆಗಿದ್ದೂ ನಿಜ. ಅದಕ್ಕೇ ಪೂರ್ತಿ ತಳ್ಳಿಹಾಕೋಕೆ ಮನಸ್ಸಿಲ್ಲ.

ಸಿಂಧನೂರು ಸೊಸೆ: ಬ್ಯಾಕ್ಟೀರಿಯಾ ಒಂದನ್ನೇ ನೋಡುತ್ತಾ ಕೂರಬೇಡಿ. ನಮ್ಮ ಮಾವನವರ ಧೋತರದ ಮೇಲೆ ರಕ್ತದ ಕಲೆ ಇರುತ್ತಿತ್ತು. ಅತ್ತೆ ಯಾರಿಗೂ ಕಾಣದ ಹಾಗೆ ಬೆಳಗಿನ ಜಾವವೇ ಒಗೆದು ಹಾಕುತ್ತಿದ್ದರು. ಮೂಲವ್ಯಾಧಿ ಅಂತ ಎರಡು ವರ್ಷ ಪುಡಿ ತಿಂದರು. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ) ಮಾಡಿಸೋ ಹೊತ್ತಿಗೆ ಕ್ಯಾನ್ಸರ್ ಲಿವರಿಗೂ ಹೋಗಿತ್ತು. ರಕ್ತ ಕಂಡರೆ ದಯವಿಟ್ಟು ನಾಚಿಕೊಳ್ಳಬೇಡಿ.

ಗಂಗಾವತಿ ಲ್ಯಾಬ್ ಅಕ್ಕ: ಮಲ್ಲು, ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಉಳಿದ ಮಾತ್ರೆ ನೀವೇ ಶುರು ಮಾಡಿಸಬೇಡಿ, ಡಾಕ್ಟರನ್ನು ಕೇಳಿ. ಕೋರ್ಸ್ ಮುಗಿದು 4 ವಾರ ಆದ ಮೇಲೆ ಮಲದ ಟೆಸ್ಟೋ ಉಸಿರಿನ ಟೆಸ್ಟೋ ಆಗಲೇಬೇಕು. ಅದಕ್ಕೆ 2 ವಾರ ಮುಂಚೆ ಆ್ಯಸಿಡಿಟಿ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ರಕ್ತದ ಟೆಸ್ಟ್ ಇದಕ್ಕೆ ಸಾಲದು, ಸೋಂಕು ಹೋದ ಮೇಲೂ ಪಾಸಿಟಿವ್ ಬರಬಹುದು.

ಮಾನ್ವಿ ಮಲ್ಲು: ಡಾಕ್ಟರಿಗೆ ಫೋನ್ ಮಾಡಿದೆ. ಸೋಮವಾರ ಕರೆದುಕೊಂಡು ಬನ್ನಿ, ಬೇರೆ ಕೋರ್ಸ್ ಬರೆಯುತ್ತೇನೆ ಅಂದರು. “ಮತ್ತೆ ಕಹೀನಾ?” ಅಂದರು ಅಪ್ಪ. ಹೌದಪ್ಪಾ, ಈ ಸಲ ಹದಿನಾಲ್ಕೂ ದಿನ ನಾನೇ ಎದುರಿಗೆ ಕೂತು ಕೊಡುತ್ತೇನೆ ಅಂದೆ.