‘ಓಲ್ಡ್ ಬಾಯ್ಸ್’ ಎಂದರೆ ಹಳೆಯ ಹುಡುಗರೇ? ಫುಟ್‌ಬಾಲ್ ತಂಡಗಳ ಹೆಸರುಗಳ ಅರ್ಥದ ಬಗ್ಗೆ

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕಿರುಪುಸ್ತಿಕೆಯನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚು ಜನ ಕೇಳಿರದ, ಆದರೆ ಹೆಸರಿನಿಂದಲೇ ಕುತೂಹಲ ಹುಟ್ಟಿಸುವ ಫುಟ್‌ಬಾಲ್ ತಂಡಗಳನ್ನು ಪರಿಚಯಿಸುವುದು ಅದರ ಉದ್ದೇಶ. ವಾಕ್ಯದೊಳಗೆ ತಂಡದ ಹೆಸರನ್ನು ಉಚ್ಚಾರಣೆಯಂತೆಯೇ ಇಡುವುದೆಂದು ತೀರ್ಮಾನಿಸಿದ್ದೇನೆ. ಆ ವಿಷಯದಲ್ಲಿ ಗೊಂದಲವಿಲ್ಲ. ಆದರೆ ಹೆಸರು ಮೊದಲ ಸಲ ಬಂದಾಗ ಅದರ ಅರ್ಥವನ್ನು ಕನ್ನಡದಲ್ಲಿ ಹೇಳದಿದ್ದರೆ ಕಥೆಯೇ ಕೈತಪ್ಪಿಹೋಗುತ್ತದೆ. ಹೀಗೆ ಅರ್ಥ ಹೇಳಹೊರಟಾಗ ಮೂರು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ.

ಮೊದಲನೆಯದು ‘ಓಲ್ಡ್ ಬಾಯ್ಸ್’. ಅರ್ಜೆಂಟೀನಾದ ರೊಸಾರಿಯೋ ನಗರದಲ್ಲಿ 1903ರಲ್ಲಿ ಹುಟ್ಟಿದ ‘ನ್ಯೂವೆಲ್ಸ್ ಓಲ್ಡ್ ಬಾಯ್ಸ್’ ತಂಡವನ್ನು, ಮೆಸ್ಸಿ ಬಾಲ್ಯದಲ್ಲಿ ಆಡಿದ ತಂಡವೆಂದು ಕೆಲವರಾದರೂ ಬಲ್ಲರು. ಐಸಾಕ್ ನ್ಯೂವೆಲ್ ಎಂಬ ಇಂಗ್ಲಿಷ್ ಶಿಕ್ಷಕರು ಅಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಓದಿದವರು ಕಟ್ಟಿದ ತಂಡವಿದು. ಆದ್ದರಿಂದ ‘ಹಳೆಯ ಹುಡುಗರು’ ಎಂಬ ಅನುವಾದ ತಪ್ಪು. ಇಂಗ್ಲಿಷಿನಲ್ಲಿ ಆ ಪದಜೋಡಿಗೆ ಶಾಲೆ ಬಿಟ್ಟುಹೋದ ವಿದ್ಯಾರ್ಥಿಗಳೆಂದೇ ಅರ್ಥ. ‘ಹಳೆಯ ವಿದ್ಯಾರ್ಥಿಗಳ ಸಂಘ’ ನಮ್ಮ ಊರೂರಿನ ಶಾಲೆಗಳಲ್ಲೂ ಇರುವುದರಿಂದ ಸಮಸ್ಯೆ ಇಲ್ಲಿಗೇ ಮುಗಿಯಿತೆಂದು ಭಾವಿಸಿದ್ದೆ. ಆದರೆ ತಂಡದ ಹೆಸರಿನಲ್ಲಿರುವುದು ಶಾಲೆಯಲ್ಲ, ಗುರು. ಹಾಗಾಗಿ ‘ನ್ಯೂವೆಲ್ ಅವರ ಶಿಷ್ಯವೃಂದ’ ಎನ್ನುವುದೇ ಹೆಚ್ಚು ಒಪ್ಪುತ್ತದೆಂದು ಈಗ ಅನ್ನಿಸುತ್ತಿದೆ. ಸಂಗೀತಗಾರರ, ಮೇಷ್ಟ್ರುಗಳ ಸುತ್ತ ನಾವು ಬಳಸುವ ಆ ಮಾತಿನಲ್ಲಿ ಗುರುವಿನ ಮೇಲಿನ ಗೌರವವೂ ಸೇರಿಕೊಂಡಿದೆ, ಮತ್ತು ಆ ಹೆಸರನ್ನಿಟ್ಟವರ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಆದರೆ ಇದೇ ಉತ್ತರ ಸ್ವಿಟ್ಜರ್‌ಲೆಂಡಿನಲ್ಲಿ ನಡೆಯುವುದಿಲ್ಲ. ಬಾಸೆಲ್ ನಗರದಲ್ಲಿ 1894ರಿಂದ ‘ಓಲ್ಡ್ ಬಾಯ್ಸ್’ ಎಂಬ ತಂಡವಿದೆ. ನಾಲ್ಕು ವರ್ಷಗಳ ನಂತರ, 1898ರಲ್ಲಿ, ಬರ್ನ್ ನಗರದ ವಿದ್ಯಾರ್ಥಿಗಳು ತಮ್ಮದೊಂದು ತಂಡ ಕಟ್ಟಿ, ಬಾಸೆಲ್‌ನವರ ಹೆಸರಿಗೆ ಎದುರಾಗಿ ‘ಯಂಗ್ ಬಾಯ್ಸ್’ ಎಂದು ಕರೆದುಕೊಂಡರು. ಬಾಸೆಲ್ ತಂಡವನ್ನು ‘ಹಳೆಯ ವಿದ್ಯಾರ್ಥಿಗಳು’ ಎಂದರೆ ಬರ್ನ್ ತಂಡ ‘ಹೊಸ ವಿದ್ಯಾರ್ಥಿಗಳು’ ಆಗಬೇಕಾಗುತ್ತದೆ. ‘ಎಳೆಯ ಹುಡುಗರು’ ಎಂದರೆ ಮಕ್ಕಳ ತಂಡವೆಂಬ ಭಾವನೆ ಬರುತ್ತದೆ. ಎರಡರಲ್ಲೂ ಜೋಡಿ ಮುರಿದುಹೋಗುತ್ತದೆ. ಇಲ್ಲಿ ನೆರವಿಗೆ ಬರುವುದು ಇನ್ನೊಂದು ಬಳಕೆ, ಅಂದರೆ ‘ಹಿರಿಯ ವಿದ್ಯಾರ್ಥಿಗಳ ಸಂಘ’ ಎಂಬುದು. ‘ಹಿರಿಯರು’ ಎಂದ ಕೂಡಲೇ ‘ಕಿರಿಯರು’ ತಾನಾಗಿ ಎದುರು ನಿಲ್ಲುತ್ತಾರೆ. ಒಂದೇ ಆತಂಕವೆಂದರೆ, ‘ಹಿರಿಯ ವಿದ್ಯಾರ್ಥಿ’ ಎಂದಾಗ ಶಾಲೆ ಬಿಟ್ಟವನೇ, ಅಥವಾ ಇನ್ನೂ ಮೇಲಿನ ತರಗತಿಯಲ್ಲಿ ಓದುತ್ತಿರುವವನೇ ಎಂಬುದು ಸ್ಪಷ್ಟವಾಗದು.

ಎರಡನೆಯ ಪದ ‘ದಿ ಸ್ಟ್ರಾಂಗೆಸ್ಟ್’. ಬೊಲಿವಿಯಾದ ಲಾ ಪಾಜ್ ನಗರದಲ್ಲಿ 1908ರಲ್ಲಿ ಆರಂಭವಾದ ತಂಡದ ಹೆಸರಿದು. ಸ್ಪ್ಯಾನಿಷ್ ಮಾತಾಡುವ ಊರಾದರೂ ಹೆಸರು ಇಂದಿಗೂ ಇಂಗ್ಲಿಷಿನಲ್ಲೇ ಉಳಿದಿದೆ. ನಾನು ಮೊದಲು ‘ಅತ್ಯಂತ ಬಲಿಷ್ಠರು’ ಎಂದು ಬರೆದು, ಆಮೇಲೆ ಅನುಮಾನಿಸಿದೆ. ಸಂಸ್ಕೃತದಲ್ಲಿ ‘ಇಷ್ಠ’ ಪ್ರತ್ಯಯವೇ ಎಲ್ಲರಿಗಿಂತ ಹೆಚ್ಚು ಎಂಬುದನ್ನು ಹೇಳುತ್ತದೆ: ಎಲ್ಲರಿಗಿಂತ ಹಿರಿಯ ಜ್ಯೇಷ್ಠ, ಎಲ್ಲಕ್ಕಿಂತ ಕಡಿಮೆಯದು ಕನಿಷ್ಠ, ಹಾಗೆಯೇ ಎಲ್ಲರಿಗಿಂತ ಬಲವುಳ್ಳವನು ಬಲಿಷ್ಠ. ಮೂಲದ ಪ್ರಕಾರ ‘ಸ್ಟ್ರಾಂಗೆಸ್ಟ್’ಗೆ ‘ಬಲಿಷ್ಠ’ ಒಂದೇ ಸಾಕು, ‘ಅತ್ಯಂತ’ ಎಂಬುದು ಹೊರೆ. ಆದರೆ ಕನ್ನಡದಲ್ಲಿ ಈ ಪದಗಳೆಲ್ಲ ಒಂದೇ ಸಮನಾಗಿ ಉಳಿದಿಲ್ಲ. ‘ಕನಿಷ್ಠ’, ‘ಗರಿಷ್ಠ’ ತಮ್ಮ ತುದಿಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ, ‘ಇನ್ನೂ ಗರಿಷ್ಠ’ ಎಂದು ಯಾರೂ ಬರೆಯುವುದಿಲ್ಲ. ‘ಬಲಿಷ್ಠ’ ಮಾತ್ರ ಸವೆದು ಬರಿಯ ‘ಬಲಶಾಲಿ’ಯಾಗಿದೆ, ‘ಇನ್ನಷ್ಟು ಬಲಿಷ್ಠ’ ಎಂಬುದನ್ನು ದಿನವೂ ಓದುತ್ತೇವೆ. ಬಳಕೆಯೇ ಪ್ರಮಾಣವೆನ್ನುವುದಾದರೆ ‘ಎಲ್ಲರಿಗಿಂತ ಬಲಿಷ್ಠರು’ ಎಂದು ಬರೆಯುವುದು ಕ್ಷೇಮ, ಮತ್ತು ನಾನು ಆ ಕಡೆಗೇ ವಾಲಿದ್ದೇನೆ.

ಇದೇ ತಂಡದ ಕಥೆಯಲ್ಲಿ ಇನ್ನೊಂದು ತೊಡಕಿದೆ. 1932ರಿಂದ 1935ರವರೆಗೆ ಬೊಲಿವಿಯಾ ಮತ್ತು ಪರಾಗ್ವೆ ದೇಶಗಳ ನಡುವೆ ನಡೆದ ಚಾಕೋ ಯುದ್ಧದಲ್ಲಿ ಈ ತಂಡದವರು ಸೈನಿಕರಾಗಿ ಕಾದಾಡಿದರು. 1934ರ ಮೇ ತಿಂಗಳಲ್ಲಿ ಬೊಲಿವಿಯಾ ಗೆದ್ದ ಕದನವೊಂದು ಅವರ ಗೌರವಾರ್ಥ ‘ಕನ್ಯಾದಾ ಸ್ಟ್ರಾಂಗೆಸ್ಟ್’ ಎಂಬ ಹೆಸರಿನಿಂದ ಇತಿಹಾಸದಲ್ಲಿ ಉಳಿದಿದೆ. ‘ಕನ್ಯಾದಾ’ ಎಂದರೆ ಕಣಿವೆಯಂಥ ತಗ್ಗು ಪ್ರದೇಶ. ಇದನ್ನು ‘ಬಲಿಷ್ಠರ ಕಣಿವೆ’ ಎಂದುಬಿಟ್ಟರೆ ಓದುವ ಮಗುವಿಗೆ ಯಾರೋ ವೀರರ ನೆನಪು ಬರಬಹುದೇ ಹೊರತು ಆ ಫುಟ್‌ಬಾಲ್ ತಂಡದ ನೆನಪು ಬರುವುದಿಲ್ಲ. ಆ ಹೊತ್ತಿಗೆ ‘ಸ್ಟ್ರಾಂಗೆಸ್ಟ್’ ಗುಣವಾಚಕವಾಗಿ ಉಳಿದಿರಲಿಲ್ಲ, ಅಂಕಿತನಾಮವಾಗಿತ್ತು. ಆದ್ದರಿಂದ ಇಲ್ಲಿ ಅನುವಾದ ಮಾಡಲೇಬಾರದೆಂಬುದು ನನ್ನ ಅಭಿಪ್ರಾಯ.

ಜ್ಯೂರಿಕ್‌ನ ‘ಗ್ರಾಸ್‌ಹಾಪರ್’ ತಂಡ 1886ರದು. ಅದಕ್ಕೆ ‘ಮಿಡತೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೇನೆ. ನಮ್ಮ ‘ಮಿಡತೆ’ ಹೊಲ ನುಂಗುವ ಹಿಂಡಿಗೂ, ಹುಲ್ಲಿನ ಮೇಲೆ ನೆಗೆಯುವ ಒಂಟಿ ಹುಳಕ್ಕೂ ಸಲ್ಲುವುದರಿಂದ, ‘ಹುಲ್ಲುಮಿಡತೆ’ ಎಂದು ಬೇರ್ಪಡಿಸಬೇಕೇ ಎಂಬುದನ್ನು ತಿಳಿದವರು ಹೇಳಬಹುದು.

ಮೂರನೆಯ ಪದ, ನನ್ನನ್ನು ಬಹಳ ದಿನ ಕಾಡಿದ್ದು, ‘ವಾಂಡರರ್ಸ್’ (ಅಲೆದಾಡುವವರು). 1872ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯಾವಳಿಯನ್ನು ಮೊದಲ ಸಲ ಗೆದ್ದ ಲಂಡನ್ನಿನ ತಂಡದ ಹೆಸರೇ ‘ವಾಂಡರರ್ಸ್’; ಸ್ವಂತ ಮೈದಾನವಿಲ್ಲದೆ ಊರಿನ ಬೇರೆ ಬೇರೆ ಕಡೆ ಆಡುತ್ತಿದ್ದ ತಂಡವದು. ಆಮೇಲೆ ಈ ಹೆಸರು ಸಮುದ್ರ ದಾಟಿ ಚಿಲಿಯವರೆಗೂ ಹೋಯಿತು. ಅಲ್ಲಿ 1892ರಲ್ಲಿ ಸ್ಥಾಪನೆಯಾದ ‘ಸ್ಯಾಂಟಿಯಾಗೊ ವಾಂಡರರ್ಸ್’ ತಂಡದ ಊರು ಸ್ಯಾಂಟಿಯಾಗೊ ಅಲ್ಲ, ವಾಲ್ಪರೈಸೊ ಎಂಬ ಬಂದರು. ‘ಅಲೆಮಾರಿಗಳು’ ಎಂದು ಬರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಅದು ನಿರ್ದಿಷ್ಟ ಸಮುದಾಯಗಳನ್ನು ಗುರುತಿಸುವ ಪದವಾಗಿದೆ, ಅದರಲ್ಲಿ ಬದುಕಿನ ಕಷ್ಟವೂ ಇದೆ. ‘ಸಂಚಾರಿ’ ಎಂದರೆ ಪೊಲೀಸರ ನೆನಪಾಗುತ್ತದೆ. ‘ಜಂಗಮ’ದಲ್ಲಿರುವ ಧಾರ್ಮಿಕ ಅರ್ಥವನ್ನು ಆಟದ ತಂಡಕ್ಕೆ ಎಳೆದು ತರುವುದು ಸರಿಯಲ್ಲ. ಕೊನೆಗೆ ಹೊಳೆದದ್ದು ಯಕ್ಷಗಾನದವರ ‘ತಿರುಗಾಟ’. ಮೇಳವೊಂದು ಪ್ರತಿ ರಾತ್ರಿ ಬೇರೊಂದು ಊರಿನಲ್ಲಿ ಆಡುತ್ತ ಇಡೀ ಋತುವನ್ನು ಕಳೆಯುವುದಕ್ಕೆ ಕರಾವಳಿಯಲ್ಲಿ ತಿರುಗಾಟವೆಂದೇ ಹೆಸರು. ಅದರಲ್ಲಿ ನೆಲೆಯಿಲ್ಲದವರೆಂಬ ಕನಿಕರವಿಲ್ಲ, ಆಡುವುದಕ್ಕಾಗಿ ಊರೂರು ಸುತ್ತುವವರೆಂಬ ಅರ್ಥ ನೇರವಾಗಿದೆ. ‘ತಿರುಗಾಟದ ತಂಡ’ ಎಂದು ಬರೆದರೆ ಹೇಗೆ?

ಘಟ್ಟದ ಮೇಲಿನ ಓದುಗರಿಗೆ ‘ತಿರುಗಾಟ’ ಎಂದರೆ ಸುಮ್ಮನೆ ಅಡ್ಡಾಡುವುದು ಎಂದಷ್ಟೇ ತೋರೀತೇ? ಊರಿಂದ ಊರಿಗೆ ಕ್ಯಾಂಪು ಬದಲಿಸುತ್ತಿದ್ದ ಉತ್ತರ ಕರ್ನಾಟಕದ ನಾಟಕ ಕಂಪನಿಗಳವರಲ್ಲಿ ಇದಕ್ಕೆ ಸಮನಾದ ಬೇರೆ ಪದವಿದ್ದರೆ, ಅದನ್ನು ಬಳಸುವ ಒಂದೆರಡು ವಾಕ್ಯಗಳ ಸಮೇತ ತಿಳಿಸಬೇಕೆಂದು ಕೋರುತ್ತೇನೆ.