ಆಪರೇಷನ್‌ಗೆ ಮುಂಚೆ ಮಗುವಿಗೆ ಮತ್ತಿನ ಸಿರಪ್ ಕೊಡಿಸಬಹುದಾ?

ಜಲನಗರದ ಅವ್ವ, ವಿಜಯಪುರ
ಮಂಗಳವಾರ ನಮ್ಮ ಹುಡುಗನಿಗೆ ಹರ್ನಿಯಾ ಆಪರೇಷನ್. 4 ವರ್ಷ, 14 ಕೆಜಿ. ದೊಡ್ಡ ಮಗಳಿಗೆ ಟಾನ್ಸಿಲ್ ತೆಗೆಸಿದಾಗ ಓಟಿ ಬಾಗಿಲಲ್ಲಿ ನನ್ನ ಸೆರಗು ಹಿಡಿದು ನಿಂತವಳನ್ನು ಬಿಡಿಸಿಕೊಂಡು ಹೋದರು, ಗೋಳಗುಮ್ಮಟದೊಳಗೆ ಕೂಗಿದ ಹಾಗೆ ಕಾರಿಡಾರ್ ತುಂಬ ಅವಳದೇ ದನಿ, ಆಮೇಲೆ ಎರಡು ತಿಂಗಳು ರಾತ್ರಿ ಬೆಚ್ಚಿ ಏಳುತ್ತಿದ್ದಳು. ಈ ಸಲ ಒಳಗೆ ಕರೆದೊಯ್ಯುವ ಮುಂಚೆ ಮತ್ತು ಬರುವ ಸಿರಪ್ ಕೊಡ್ತೀವಿ ಅಂದಿದ್ದಾರೆ. ಅತ್ತೆ ಮಾತ್ರ "ಮೊದಲು ಅದು, ಮ್ಯಾಲೆ ಅನಸ್ತೇಸಿಯಾ, ಕೂಸಿನ ತಲಿ ಮಂಕಾಗ್ತೈತಿ" ಅಂತ ಹಟ ಹಿಡಿದಿದ್ದಾರೆ. ಕೊಡಿಸಿದವರು ಯಾರಾದ್ರೂ ಇದ್ದೀರಾ?

ನವನಗರದ ಅಪ್ಪ, ಬಾಗಲಕೋಟೆ
ಕೊಡಿಸಿದ್ದೇವೆ ಅಕ್ಕಾ. ಕಹಿ ಅಂದ್ರೆ ಕಹಿ, ಸ್ವಲ್ಪ ನನ್ನ ಅಂಗಿ ಮೇಲೇ ಉಗುಳಿದ. ಇಪ್ಪತ್ತು ನಿಮಿಷಕ್ಕೆ ಮಾತು ತೊದಲಿತು, "ಅಪ್ಪಾ ನಿನಗ ಎರಡು ಮೂಗು" ಅಂತ ಕಿಲಕಿಲ ನಕ್ಕ. ಸಿಸ್ಟರ್ ಎತ್ತಿಕೊಂಡರೆ ತಿರುಗಿ ಕೂಡ ನೋಡಲಿಲ್ಲ. ನನಗೇ ಒಂಥರಾ ಆಯ್ತು.
ಆಪರೇಷನ್‌ಗೆ ಮೊದಲು ಕೊಟ್ಟ ತಾರೀಖು ಮುಂದೆ ಹೋಗಿದ್ದು ಬೇರೆ ಕಥೆ. ಅಜ್ಜಿ ಬೆಳಿಗ್ಗೆ ಕದ್ದು ಎರಡು ಬಿಸ್ಕೀಟು ತಿನ್ನಿಸಿದ್ದರು.

ಓಟಿಯವ, ಬೆಳಗಾವಿ
ನಾನು ಅನಸ್ತೇಸಿಯಾ ಡಾಕ್ಟರ್. ಸಾಮಾನ್ಯವಾಗಿ ಕೊಡುವುದು ಮಿಡಜೋಲಾಮ್. ಬಾಯಿಂದಾದರೆ ಕೆಜಿಗೆ ಅರ್ಧ ಮಿಲಿಗ್ರಾಂ ಆಸುಪಾಸು, ನಿಮ್ಮ ಹುಡುಗನಿಗೆ ಸುಮಾರು 7, ಆದರೆ ಆ ಲೆಕ್ಕ ಅಲ್ಲಿಯ ಡಾಕ್ಟರಿಗೇ ಬಿಡಿ. ಮಗು ಪೂರ್ತಿ ಮಲಗಲಿ ಅಂತ ಕೊಡುವುದಲ್ಲ, ಹೆದರಿಕೆ ಇಳಿಯಲಿ ಅಂತ. ಹಿಡಿಯಲು 20–30 ನಿಮಿಷ ಬೇಕು, ಕುಡಿಸಿದ ಕೂಡಲೇ ಒಳಗೆ ಒಯ್ದರೆ ಅದೇ ಅಳು. ಎಷ್ಟೋ ಮಕ್ಕಳಿಗೆ ಆ ಹೊತ್ತಿನ ನೆನಪೂ ಉಳಿಯುವುದಿಲ್ಲ. ಕಹಿಗೆ ಹಟ ಮಾಡುವವರಿಗೆ ಮೂಗಿಗೆ ಹಾಕುವ ಡೆಕ್ಸ್‌ಮೆಡಿಟೊಮಿಡಿನ್ ಅನ್ನೋ ಔಷಧಿ ಇದೆ, ಉರಿಯುವುದಿಲ್ಲ, ಆದರೆ 30–45 ನಿಮಿಷ ಕಾಯಬೇಕು.
ಅತ್ತೆಯವರ ಭಯಕ್ಕೆ ಬುಡವೇ ಇಲ್ಲ ಅಂತಲ್ಲ. 2016ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಅದು 3 ವರ್ಷದೊಳಗಿನ ಮಕ್ಕಳಿಗೆ, 3 ಗಂಟೆಗಿಂತ ಜಾಸ್ತಿ ಅಥವಾ ಪದೇ ಪದೇ ಅರಿವಳಿಕೆ ಕೊಡುವ ಬಗ್ಗೆ. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ.
ನನಗೆ ಬೇಕಾದದ್ದು ಬೇರೆ. ಹುಡುಗ ಗೊರಕೆ ಹೊಡೀತಾನಾ? ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ? ಈಗ ನೆಗಡಿ, ಕೆಮ್ಮು ಇದೆಯಾ? ಹಾಗಿದ್ದರೆ ಈ ಸಿರಪ್ ಉಸಿರಾಟಕ್ಕೆ ತೊಂದರೆ ಮಾಡಬಹುದು, ಮೊದಲೇ ಹೇಳಲೇಬೇಕು. ಕುಡಿಸಿದ ಮೇಲೆ ನೆಲಕ್ಕೆ ಬಿಡಬೇಡಿ, ಬಿದ್ದುಬಿಡ್ತಾರೆ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ. ಊಟ, ಹಾಲು 6 ಗಂಟೆ ಮುಂಚೆ ನಿಲ್ಲಿಸಿ, ಬರೀ ನೀರು 2 ಗಂಟೆ ಮುಂಚಿನವರೆಗೆ.

ಟಿಳಕವಾಡಿ ಆಂಟಿ
ನಮ್ಮ ಮಗಳಿಗೆ ಉಲ್ಟಾ ಆಯ್ತು. ಮತ್ತು ಬರೋದಿರಲಿ, ಮಂಚದ ಕಂಬಿ ಹಿಡಿದು ಒದರಾಡಿದಳು.

ಓಟಿಯವ, ಬೆಳಗಾವಿ
ಕೆಲವು ಮಕ್ಕಳಿಗೆ ಹಾಗಾಗುತ್ತೆ. ಮುಂದೆ ಯಾವ ಆಪರೇಷನ್ ಆದರೂ ಇದನ್ನು ಮೊದಲೇ ಹೇಳಿ, ಬೇರೆ ಔಷಧಿ ನೋಡ್ತಾರೆ.

ಜಲನಗರದ ಅವ್ವ, ವಿಜಯಪುರ
ಡಾಕ್ಟ್ರೇ, ಗೊರಕೆ ಇದೆ! ಬಾಯಿ ತೆರೆದೇ ಮಲಗ್ತಾನೆ. ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನಾಳೆ ಬೆಳಿಗ್ಗೆಯೇ ಫೋನ್ ಮಾಡ್ತೀನಿ. ಬಿಸ್ಕೀಟ್ ಡಬ್ಬಿ ಈಗಲೇ ಅಟ್ಟಕ್ಕೆ ಹೋಯಿತು.